ಶುಕ್ರವಾರದ ಸುದ್ದಿ ಗುರುವಾರವೇ

ಭಾನುವಾರ ಮಧ್ಯಾಹ್ನ, ಹದಿನೇಳನೇ ತಾರೀಖು

ಪ್ರೀತಿಯ ಅಕ್ಕನಿಗೆ,

ನಾವೆಲ್ಲ ಚೆನ್ನಾಗಿದ್ದೇವೆ. ನೀನು, ಭಾವ, ನಿನ್ನ ಮಗರಾಯ ಕೂಡ ಹಾಗೇ ಇದ್ದೀರಿ ಅಂದುಕೊಂಡಿದ್ದೇನೆ. ಎರಡು ಕಾಗದ ಬಂದರೂ ಉತ್ತರವಿಲ್ಲ ಅಂತ ಬೈಯಬೇಡ. ಬರೆಯಲು ಕೂತಾಗಲೆಲ್ಲ ಪುಟ್ಟಿ ಎದ್ದಳು. ಅವಳು ಮಲಗಿದಾಗಲೆಲ್ಲ ನಾನು ಅವಳ ಮೂಗಿನ ಹತ್ತಿರ ಬೆರಳಿಟ್ಟು ಉಸಿರು ನೋಡುತ್ತ ಕೂತೆ. ಏಳು ತಿಂಗಳು ತುಂಬಿದರೂ ನನಗೆ ಆ ಚಾಳಿ ಹೋಗಿಲ್ಲ. "ಉಸಿರಾಡೋದು ಅವಳಿಗೆ ಗೊತ್ತು, ನೀನು ಒಂದು ಗಳಿಗೆ ಮಲಕ್ಕೋ" ಅಂತ ಅತ್ತೆ ಗದರುತ್ತಾರೆ. ಮಲಗಿದರೆ ತಾನೇ!

ನೀನು ಕೇಳಿದ್ದು ಒಂದೇ ಮಾತು: ಶಾಲೆಗೆ ಹೋಗುತ್ತೀಯೋ, ಕೆಲಸ ಬಿಡುತ್ತೀಯೋ? ಅದಕ್ಕೆ ಈ ವಾರದ ಕಥೆ ಪೂರ್ತಿ ಹೇಳಬೇಕು. ರಜೆ ಮುಗಿಸಿ ಸೋಮವಾರ ಹೋದೆ. ಹೆಡ್‌ಮೇಡಂ, "ಒಂದು ವಾರ ಬಂದು ನೋಡಿ. ಶನಿವಾರ ಇರ್ತೀನಿ ಅನ್ನಿ, ಇಲ್ಲ ಬಿಡ್ತೀನಿ ಅನ್ನಿ. ನಡುವೆ ನೇತಾಡಬೇಡಿ" ಅಂದರು. ಒಳಗೊಳಗೇ ನಾನು ಬಿಡುವವಳೇ ಆಗಿದ್ದೆ. ದಿನಾ ಹನ್ನೊಂದು ಗಂಟೆಗೆ ಆಫೀಸಿನಿಂದ ಮನೆಗೆ ಫೋನು. ಅತ್ತೆ "ಪುಟ್ಟಿ ಇದ್ದಾಳೆ, ನಾನೂ ಇದ್ದೀನಿ, ಇಡು" ಅಂತ ಇಟ್ಟುಬಿಡುತ್ತಿದ್ದರು.

ಆದರೂ ವಾರ ಮಜವಾಗಿತ್ತು ಕಣೇ. ಸೋಮವಾರ ಎಂಟನೇ ಕ್ಲಾಸಿನವರು ಲೈಬ್ರರಿ ಧೂಳು ಹೊಡೆದರು. ಬೀರುವಿನ ಹಿಂದೆ ಹದಿನಾಲ್ಕು ಪುಸ್ತಕ ಸಿಕ್ಕವು. ಅದರಲ್ಲಿ ಮೂರು, ಮಕ್ಕಳೇ ಕದ್ದರು ಅಂತ ಇತಿಹಾಸದ ಮೇಷ್ಟ್ರು ಕೂಗಾಡಿದ್ದ ಪುಸ್ತಕಗಳು. ಮಂಗಳವಾರ ಮೊಬೈಲ್ ಬೇಕೇ ಬೇಡವೇ ಅಂತ ಚರ್ಚಾಸ್ಪರ್ಧೆ. ಬೇಡವೇ ಬೇಡ ಅಂತ ಮೇಜು ಗುದ್ದುತ್ತಿದ್ದವಳ ಜೇಬಿನಲ್ಲೇ ಮೊಬೈಲ್ ಹಾಡತೊಡಗಿತು. ಬುಧವಾರ ವಿಜ್ಞಾನ ಸಂಘದವರ ಜ್ವಾಲಾಮುಖಿ ನೊರೆ ಉಕ್ಕಿಸಿ ಸ್ಟಾಫ್‌ರೂಮಿನ ಹೊಸ್ತಿಲು ದಾಟಿತು. ಆಯಮ್ಮ ಬಕೆಟ್ಟು ಕುಕ್ಕಿ, "ಉಕ್ಸೋಕೆ ವಿಜ್ಞಾನ, ಒರ್ಸೋಕೆ ನಾನಾ?" ಅಂದರು.

ಇದೆಲ್ಲ ಬರುವುದು 'ನಮ್ಮ ವಾರ'ದಲ್ಲಿ. ಒಂದೇ ಹಾಳೆಯ ಸುದ್ದಿಪತ್ರ. ಮಕ್ಕಳು ಬರೆಯುತ್ತಾರೆ, ನಾನು ಓದಿ ಸಹಿ ಹಾಕುತ್ತೇನೆ, ಶನಿವಾರ ಪ್ರಾರ್ಥನೆ ಮುಗಿದ ಮೇಲೆ ಹಂಚುತ್ತಾರೆ. ಮೂಲೆಯ ಜೆರಾಕ್ಸ್ ಅಂಗಡಿಗೆ ಶುಕ್ರವಾರ ರಜೆ. ಹಾಗಾಗಿ ಶುಕ್ರವಾರ ನಡೆಯುವುದನ್ನೂ ಗುರುವಾರವೇ ಬರೆದು, ಗೆದ್ದವರ ಹೆಸರಿನ ಜಾಗ ಖಾಲಿ ಬಿಟ್ಟು, ಆಮೇಲೆ ಕೈಯಲ್ಲಿ ತುಂಬುವುದು ನಮ್ಮಲ್ಲಿ ಮೊದಲಿನಿಂದ ಬಂದ ಪದ್ಧತಿ.

ಈ ಶುಕ್ರವಾರ ಎತ್ತರ ಜಿಗಿತವಿತ್ತು. ಸಂಪಾದಕಿ ಒಂಬತ್ತನೇ ಕ್ಲಾಸಿನ ಹುಡುಗಿ. ಸದಾ "ಟೈಮಾಯ್ತು ಮಿಸ್" ಅನ್ನುವುದರಿಂದ ಅವಳಿಗೆ ಗಡಿಯಾರ ಅಂತಲೇ ಹೆಸರು. ಮೂರು ವರ್ಷದಿಂದ ಗೆಲ್ಲುತ್ತಿರುವ ಉದ್ದಕಾಲಿನ ಹುಡುಗಿ, ಎಲ್ಲರೂ ಕೊಕ್ಕರೆ ಅನ್ನುವವಳೇ ಗೆಲ್ಲುತ್ತಾಳೆ, ಮತ್ತೆ ಯಾಕೆ ಕೈಬರಹ ಅಂತ ಗಡಿಯಾರ ಖಾಲಿ ಜಾಗದಲ್ಲಿ ಅವಳ ಹೆಸರನ್ನೇ ಬರೆದುಬಿಟ್ಟಿದ್ದಾಳೆ. ಗುರುವಾರ ಮೂರು ಗಂಟೆಗೆ ನಾನು ಕಣ್ಣು ಬಿಟ್ಟುಕೊಂಡೇ ತೂಕಡಿಸುತ್ತಿದ್ದೆ. ಓದದೆ ಸಹಿ ಹಾಕಿದೆ. ನೂರಿಪ್ಪತ್ತು ಪ್ರತಿ ಆಗಿಹೋಯಿತು.

ಶುಕ್ರವಾರ ಕೊಕ್ಕರೆ ಮೂರು ಸಲವೂ ಕೋಲು ಬೀಳಿಸಿದಳು. ಗೆದ್ದವಳು ಎಂಟನೇ ಕ್ಲಾಸಿನ ಮೋಟು ಹುಡುಗಿ, ಎಲ್ಲರ ಗುಂಡುಮಣಿ.

ಆಟದ ಮೇಷ್ಟ್ರು ನಕ್ಕರು. "ಬಿಡಿ ಮೇಡಂ, ಈ ವರ್ಷ ಕಾಗದದ ಮೇಲೆ ಗೆದ್ಲು ಅಂದ್ಕೊಳ್ಳಿ." ಆದರೆ ಕೊಕ್ಕರೆ ಬಂದು ಮೆಲ್ಲಗೆ ಹೇಳಿದಳು: "ಮಿಸ್, ಬೆಳಿಗ್ಗೆನೇ ಹಾಳೆ ನೋಡ್ಬಿಟ್ಟೆ. ಓಡಿ ಬರೋವಾಗ ಅದೇ ತಲೇಲಿತ್ತು. ಕಾಲೇ ಏಳ್ಲಿಲ್ಲ."

ನೋಡು ಅಕ್ಕ, ನಾನು ಇಲ್ಲೂ ಅರ್ಧ, ಮನೆಯಲ್ಲೂ ಅರ್ಧ. ಎರಡು ಕಡೆಯೂ ಮಕ್ಕಳನ್ನು ಕೆಡಿಸುವುದಕ್ಕಿಂತ ನಾಳೆ ಬಿಡ್ತೀನಿ ಅಂತ ಹೇಳುವುದೇ ಸರಿ ಅಂದುಕೊಂಡೆ.

ಶನಿವಾರ ಎಲ್ಲರ ಮುಂದೆ ನಿಂತು, "ತಪ್ಪು ಸಂಪಾದಕಿಯದಲ್ಲ. ಓದದೆ ಸಹಿ ಹಾಕಿದವಳು ನಾನು. ನಿದ್ದೆಗಣ್ಣಲ್ಲಿದ್ದೆ" ಅಂದೆ. ಹಿಂದಿನ ಸಾಲಿನಿಂದ ಯಾರೋ ಗೊರಕೆ ಹೊಡೆದರು. ಇಡೀ ಶಾಲೆ ನಕ್ಕಿತು, ನನಗೂ ನಗು ತಡೆಯಲಾಗಲಿಲ್ಲ. ಆಗ ಕೊಕ್ಕರೆ ಪೆನ್ನು ಹಿಡಿದು ಬಂದಳು. "ಹಾಳೆ ಎಲ್ಲಾ ಕೊಡಿ ಮಿಸ್. ನನ್ನ ಹೆಸರು ನಾನೇ ಹೊಡೀತೀನಿ. ಬೇರೆಯವ್ರು ಹೊಡೆದ್ರೆ ಬೇಜಾರಾಗುತ್ತೆ."

ವರಾಂಡದಲ್ಲಿ ಮೂವರು ಸಾಲಾಗಿ ಕೂತೆವು. ಅವಳು ಹೊಡೆದು ಹಾಕುತ್ತಿದ್ದಳು, ಗುಂಡುಮಣಿ ಪಕ್ಕದಲ್ಲಿ ತನ್ನ ಹೆಸರು ಬರೆಯುತ್ತಿದ್ದಳು, ನಾನು ಕೆಳಗೆ 'ತಪ್ಪು ನನ್ನದು' ಅಂತ ಬರೆದು ಸಹಿ ಹಾಕುತ್ತಿದ್ದೆ. ಐವತ್ತನೇ ಹಾಳೆಯಿಂದ ಗುಂಡುಮಣಿ ಹೆಸರಿನ ಕೆಳಗೆ ಗೆರೆ ಎಳೆಯತೊಡಗಿದಳು. "ಸಾಕಮ್ಮ, ಫಿಲಂ ಸ್ಟಾರ್ ಆಗ್ಬೇಡ, ಮುಂದಿನ ವರ್ಷ ಇದೆ" ಅಂದಳು ಕೊಕ್ಕರೆ. ಮುಗಿದಾಗ ಹನ್ನೆರಡೂವರೆ. ಹನ್ನೊಂದರ ಫೋನು ನನಗೆ ನೆನಪೇ ಆಗಿರಲಿಲ್ಲ! ಆಫೀಸಿಗೆ ಓಡಿಹೋಗಿ ಮಾಡಿದರೆ ಅತ್ತೆ, "ಪುಟ್ಟಿ ಆಟ ಆಡ್ತಿದ್ದಾಳೆ. ನಿನ್ನ ಫೋನ್ ಬರ್ಲಿಲ್ಲ ಅಂತ ನನಗೇ ಗಾಬರಿಯಾಗಿತ್ತಲ್ಲೇ!" ಅಂದರು.

ಅಲ್ಲೇ ಕೂತಿದ್ದ ಹೆಡ್‌ಮೇಡಂ ಕೇಳುವ ಮೊದಲೇ ಹೇಳಿದೆ: "ಇರ್ತೀನಿ ಮೇಡಂ."

"ನಿದ್ದೆ?"

"ಬರುತ್ತೆ. ಬಂದಾಗ ಸಹಿ ಹಾಕಲ್ಲ."

"ತೂಕಡಿಸಿದ್ದಕ್ಕೆ ಕೆಲಸ ಬಿಡೋದಾದ್ರೆ ನಮ್ಮ ಇತಿಹಾಸದ ಮೇಷ್ಟ್ರು ಯಾವತ್ತೋ ಬಿಡ್ಬೇಕಿತ್ತು" ಅಂದರು.

ಇದೇ ನನ್ನ ಉತ್ತರ ಅಕ್ಕ. ನಾಳೆಯೂ ಹೋಗುತ್ತೇನೆ. ಭಾವನಿಗೆ ನಮಸ್ಕಾರ ತಿಳಿಸು. ನಿನ್ನ ಮಗ ನೂರು ಕಾಲ ಬಾಳಲಿ, ಅವನ ಗಣಿತ ನಿನ್ನನ್ನು ಕಾಡದಿರಲಿ.

ನಿನ್ನ ಪ್ರೀತಿಯ,
ತಂಗಿ

ಮರೆತ ಮಾತು: ಮರೆತದ್ದಲ್ಲ, ಬರೆಯಲು ಧೈರ್ಯ ಸಾಲದೆ ಕೊನೆಗೆ ಉಳಿಸಿಕೊಂಡದ್ದು. ನಿನ್ನ ಮಗ ಎಂಟು ತಿಂಗಳಿದ್ದಾಗ ನಿನಗೂ ನೀನು ಪಾಠ ಮಾಡುತ್ತಿದ್ದ ಶಾಲೆಯಿಂದ ಮತ್ತೆ ಬನ್ನಿ ಅಂತ ಕರೆ ಬಂದಿತ್ತು. ನಾನಾಗ ಕಾಲೇಜಿನ ಹುಡುಗಿ. ಎಲ್ಲರೂ ಕೂತಿದ್ದಾಗ, "ಶಾಲೆಗೆ ಇನ್ನೊಬ್ಬ ಟೀಚರ್ ಸಿಗ್ತಾರೆ, ಮಗುಗೆ ಇನ್ನೊಬ್ಬ ಅಮ್ಮ ಸಿಗ್ತಾಳಾ?" ಅಂದುಬಿಟ್ಟೆ. ಚಿಕ್ಕೋಳಿಗೆ ಎಷ್ಟು ತಿಳುವಳಿಕೆ ಅಂತ ಎಲ್ಲರೂ ಹೊಗಳಿದರು. ನೀನು ಮಾರನೇ ದಿನ ರಾಜೀನಾಮೆ ಕೊಟ್ಟು ಬಂದೆ. ಅವತ್ತು ನಿನಗೆ ಕೆಲಸ ಬಿಡಲು ಮನಸ್ಸಿತ್ತಾ ಅಕ್ಕ? ಹನ್ನೆರಡು ವರ್ಷವಾಯಿತು, ನಾನು ಕೇಳಲೇ ಇಲ್ಲ.