ಕಂಬಳಿ ಹೊದಿಸಿದ ವ್ಯಾನು

ಅಪ್ಪಾಜಿ,

ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ ಎಂದು ಮೊದಲ ಸಾಲಿನಲ್ಲೇ ಬರೆದರೆ ನೀವು ನಂಬುವುದಿಲ್ಲ. ನಿಮ್ಮ ಸೊಸೆ ಶೈಲಾ ಅಂಗಡಿ ಬಿಟ್ಟು ಪೆನ್ನು ಹಿಡಿದು ಕೂತಿದ್ದಾಳೆಂದರೆ ಏನೋ ಎಡವಟ್ಟಾಗಿದೆ ಎಂದೇ ಅರ್ಥ. ಮೂರು ದಿನದಿಂದ ನನಗೆ ಕೂತಲ್ಲಿ ಕೂರಲು ಆಗುತ್ತಿಲ್ಲ. ಗಿರಾಕಿಯೊಬ್ಬರ ಸೋಫಾ ಬಟ್ಟೆಯನ್ನು ಹೂವೆಲ್ಲ ತಲೆಕೆಳಗಾಗುವಂತೆ ಕತ್ತರಿಸಿಟ್ಟೆ. ಹಾಲು ಎರಡು ಸಲ ಉಕ್ಕಿಸಿದೆ. ಅತ್ತೆ ಒಂದು ಮಾತು ಹೇಳಿದ್ದಾರೆ, ಅದನ್ನು ನಿಮಗೆ ತಲುಪಿಸಲೇಬೇಕು. ನೀವು ಹೋಗಿ ಒಂದೂವರೆ ವರ್ಷವಾದ ಮೇಲೆ ಹೇಳಿದರೆ ನಾನೇನು ಮಾಡಲಿ? ಇರಲಿ, ವ್ಯಾನಿನಿಂದ ಶುರು ಮಾಡುತ್ತೇನೆ.

ನಾವಿಬ್ಬರೂ ಕೊನೆಯ ಸಲ ಮಾಗಡಿ ದಾಟಿ ಆ ಕೆರೆಯ ಹಿಂದಿನ ಬಯಲಿಗೆ ಹೋಗಿದ್ದು ನೆನಪಿದೆಯಾ? ಸೋಫಾ ಸಾಗಿಸುವ ನನ್ನ ವ್ಯಾನು, ಒಳಗೆಲ್ಲ ಬರೀ ತಗಡು. ನೀವು ಮಂಕಿ ಕ್ಯಾಪ್ ಹಾಕಿಕೊಂಡು, ಮಂಡಿ ಜೋಡಿಸಿಕೊಂಡು, ತೊಡೆಯ ಮೇಲೆ ಟೆಲಿಸ್ಕೋಪ್ ಮಲಗಿಸಿಕೊಂಡು ಕೂತಿದ್ದಿರಿ. ಪಿವಿಸಿ ಪೈಪಿನಲ್ಲಿ ನೀವೇ ಮಾಡಿದ್ದು, ಅದರ ಹಿತ್ತಾಳೆಯ ಬಳೆಗಳನ್ನು ರಾಜಾಜಿನಗರದ ಫ್ಯಾಕ್ಟರಿಯಲ್ಲಿ ಊಟದ ಬಿಡುವಿನಲ್ಲಿ ಲೇತ್ ಮೇಲೆ ತಿರುಗಿಸಿಕೊಂಡಿದ್ದು. ಹಲ್ಲು ಕಟಕಟ ಅನ್ನುತ್ತಿದ್ದರೂ ಹೇಳಿದಿರಿ: "ಈ ಡಬ್ಬಾನ ಸ್ವಲ್ಪ ಬೆಚ್ಚಗೆ ಮಾಡಮ್ಮ ಶೈಲಾ. ನಿಮ್ಮತ್ತೇನೂ ಕರ್ಕೊಂಡು ಬರ್ಬೋದು. ಅವಳು ಚಳಿ ತಡ್ಕೊಳ್ಳಲ್ಲ." ಆಯ್ತು ಅಪ್ಪಾಜಿ, ಮಾಡೋಣ ಎಂದೆ. ನೀವು ಕೇಳಿದಾಗಲೆಲ್ಲ, ಎಂಟು ವರ್ಷ ಅದನ್ನೇ ಅಂದೆ. ಒಂದು ವರ್ಷ ದಸರಾ ಆರ್ಡರು, ಇನ್ನೊಂದು ವರ್ಷ ಯಾವುದೋ ಕಲ್ಯಾಣ ಮಂಟಪದ ಇನ್ನೂರು ಕುರ್ಚಿಯ ಹೊದಿಕೆ. ನೀವು ನೋಡಿದರೆ ಒಂದು ಬೆಳಿಗ್ಗೆ ಪೇಪರ್ ಓದುತ್ತಾ ಹಾಗೇ…

ಹೋದ ಮಳೆಗಾಲದಲ್ಲಿ ಅತ್ತೆ ಅಕ್ಕಿ ಆರಿಸುತ್ತಾ ಕಲ್ಲನ್ನು ಬಿಟ್ಟು ಅಕ್ಕಿಯನ್ನೇ ಎತ್ತಿ ಹಾಕುತ್ತಿದ್ದರು. ಅವತ್ತೇ ರಾಜಾಜಿನಗರದ ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಬಲಗಣ್ಣಿನಲ್ಲಿ ನಡುವಿನ ದೃಷ್ಟಿ ಆಗಲೇ ಹೋಗಿದೆ, ಎಡಗಣ್ಣಿಗೂ ಶುರುವಾಗಿದೆ, ಇಂಜೆಕ್ಷನ್ ಕೊಟ್ಟು ಸ್ವಲ್ಪ ನಿಧಾನ ಮಾಡಬಹುದು ಎಂದರು ಡಾಕ್ಟರು. ಎಷ್ಟು ದಿನ ಎಂದು ಕೇಳಿದರೆ ಹೇಳಲಾಗದು ಎಂದರು. ಮೆಟ್ಟಿಲಿಳಿಯುತ್ತಾ ಅತ್ತೆ, ಹೇಗೂ ಬಂದಿದ್ದೇವಲ್ಲ, ಮಾರ್ಕೆಟ್ಟಿಗೆ ಹೋಗಿ ಸೊಪ್ಪು ತಗೊಂಡು ಹೋಗೋಣವೇ ಎಂದು ಕೇಳಿದರು. ನನಗೆ ಅಳು ಬಂತು. ಗುರುಗ್ರಹ, ಅದರ ಸುತ್ತ ಸಾಲಾಗಿ ನಿಂತ ನಾಲ್ಕು ಚಂದ್ರ ಎಂದು ನಲವತ್ತು ವರ್ಷ ನಿಮ್ಮ ಬಾಯಲ್ಲಿ ಕೇಳಿದ ಹೆಂಗಸು, ಒಂದು ಸಲವೂ ಆ ಪೈಪಿಗೆ ಕಣ್ಣಿಟ್ಟು ಅದನ್ನು ನೋಡಿಲ್ಲ. ಪ್ರತಿ ಸಲವೂ ಫ್ಲಾಸ್ಕಿಗೆ ಟೀ ತುಂಬಿ, ಗೇಟಿನವರೆಗೆ ಬಂದು, ಹುಷಾರು ಎಂದು ಹೇಳಿ ಒಳಗೆ ಹೋಗುತ್ತಿದ್ದರು. ಎಂಟು ವರ್ಷ ಅವರು ಕೂರಬೇಕಾದ ಜಾಗದಲ್ಲಿ ನಾನು ಕೂತಿದ್ದೆನಲ್ಲ, ಅದು ಅವತ್ತು ಮೊದಲ ಸಲ ಚುಚ್ಚಿತು.

ಮಾರನೆಯ ದಿನವೇ ವ್ಯಾನನ್ನು ನಯಾಜ್ ಭಾಯ್ ಶೆಡ್ಡಿಗೆ ನುಗ್ಗಿಸಿದೆ. ಕಾಮಾಕ್ಷಿಪಾಳ್ಯದಲ್ಲಿ ನಮ್ಮ ಅಂಗಡಿಯ ಹಿಂದಿನ ಗಲ್ಲಿಯಲ್ಲೇ ವೆಲ್ಡಿಂಗ್ ಮಾಡುತ್ತಾರಲ್ಲ, ನಿಮ್ಮ ಟೆಲಿಸ್ಕೋಪಿನ ಸ್ಟ್ಯಾಂಡಿಗೆ ಮೂರನೇ ಕಾಲು ಹಾಕಿಕೊಟ್ಟವರು, ಅವರೇ. ಚಳಿಗಾಲದೊಳಗೆ ಮುಗಿಯಬೇಕು ಎಂದು ಅವರ ತಲೆ ತಿಂದೆ. ತಗಡಿನ ಒಳಮೈಗೆ ಫೋಮ್ ಅಂಟಿಸಿ, ಅದರ ಮೇಲೆ ತೆಳು ಹಲಗೆ ಹೊಡೆದು, ಕಿಟಕಿಗಳಿಗೆ ದಪ್ಪ ಪರದೆ ಬಿಟ್ಟೆವು. ಒಳಗೆ ಬೆಂಕಿ, ಹೀಟರು ಏನೂ ಬೇಡ ಎಂದು ನಯಾಜ್ ಭಾಯ್ ಖಡಾಖಂಡಿತ ಹೇಳಿದರು. ಅದಕ್ಕೇ ಬೆಂಚಿನ ಕೆಳಗೆ ಬಿಸಿನೀರಿನ ರಬ್ಬರ್ ಬ್ಯಾಗ್ ಇಡುವ ಪೆಟ್ಟಿಗೆ ಮಾಡಿಸಿದೆ. ಗಿರೀಶನಿಗೆ ಆರ್‌ಟಿಒ ಚಿಂತೆ. ಹಿಡಿದರೆ ಏನು ಹೇಳುತ್ತೀ ಎಂದು ದಿನಾ ಕೇಳುತ್ತಿದ್ದ. ನಿಮ್ಮ ಮಗ ಅಪ್ಪಾಜಿ, ಏನು ಹೇಳಲಿ.

ಒಂದು ಭಾನುವಾರ ಅಟ್ಟದಿಂದ ನಿಮ್ಮ ಕಂಬಳಿಗಳನ್ನು ಇಳಿಸಿದೆ. ಚಿತ್ರದುರ್ಗದಿಂದ ನೀವು ತಂದಿದ್ದ ಮೂರು ಕರಿ ಕಂಬಳಿ. ಹಲಗೆಯ ಮೇಲೆ ಅವನ್ನು ಹೊದಿಸಿದರೆ ಬೆಚ್ಚಗೂ ಇರುತ್ತದೆ, ಒಳಗೆ ಬೆಳಕೂ ಹೊಳೆಯುವುದಿಲ್ಲ ಎಂದು ನನ್ನ ಬುದ್ಧಿವಂತಿಕೆ. ಕತ್ತರಿ ಕೈಯಲ್ಲಿ ಹಿಡಿದು ನಿಂತವಳಿಗೆ ಕೈ ಓಡಲಿಲ್ಲ. ಅತ್ತೆ ಬಂದು ಕಂಬಳಿಯ ಅಂಚನ್ನು ಬಿಗಿಯಾಗಿ ಎಳೆದು ಹಿಡಿದರು, ಕತ್ತರಿಸು ಎಂಬಂತೆ. ಕತ್ತರಿಸಿದೆ. ಅದರಿಂದ ನಿಮ್ಮ ನಶ್ಯದ ವಾಸನೆ ಬಂದು ಇಬ್ಬರೂ ಸೀನಿದೆವು.

ಬೆಂಚು ಮಾಡಿಸುವಾಗ ಅತ್ತೆಯನ್ನು ಸ್ಟೂಲಿನ ಮೇಲೆ ಕೂರಿಸಿ ಟೇಪು ಹಿಡಿದೆ. ನೆಲದಿಂದ ಮಂಡಿಯವರೆಗೆ ಎಷ್ಟು, ಬೆನ್ನು ಎಷ್ಟೆತ್ತರ, ಕೂತರೆ ಕಣ್ಣು ಎಲ್ಲಿಗೆ ಬರುತ್ತದೆ, ಕೈ ಚಾಚಿದರೆ ಎಲ್ಲಿಯವರೆಗೆ ಹೋಗುತ್ತದೆ. ಮದುಮಗಳ ಬ್ಲೌಸಿಗೂ ಯಾರೂ ಅಷ್ಟು ಅಳತೆ ತೆಗೆಯುವುದಿಲ್ಲ. ಅವರು ಸುಮ್ಮನೆ ಕೈ ಎತ್ತಿ ಎಂದರೆ ಎತ್ತಿದರು, ಇಳಿಸಿ ಎಂದರೆ ಇಳಿಸಿದರು. ಇಷ್ಟೆಲ್ಲ ಯಾಕೆ ಎಂದು ಒಮ್ಮೆ ಕೇಳಿದರು, ನಿಮಗೆ ಚಳಿಯಾಗದ ಹಾಗೆ ಅತ್ತೆ ಎಂದೆ. ಏನೋ ಹೇಳಲು ಹೊರಟು ನಿಲ್ಲಿಸಿದರು. ನನಗೋ ಅವಸರ, ಟೇಪಿನಲ್ಲೇ ಕಣ್ಣು. ಅಂಗಡಿಗೆ ಬರುವ ಪ್ರತಿ ಗಿರಾಕಿಯನ್ನೂ ಯಾವ ಬಣ್ಣ ಬೇಕು ಎಂದು ಹತ್ತು ಸಲ ಕೇಳುವವಳು ನಾನು…

ಮೊನ್ನೆ ಭಾನುವಾರ ಸಂಜೆ ನಾಲ್ಕು ಗಂಟೆಗೇ ಬಸವೇಶ್ವರನಗರದಿಂದ ಹೊರಟೆವು. ಗಿರೀಶ, ಅತ್ತೆ, ನಾನು. ಸುಂಕದಕಟ್ಟೆ ಟ್ರಾಫಿಕ್ಕಿನಲ್ಲಿ ಮುಕ್ಕಾಲು ಗಂಟೆ ಸಿಕ್ಕಿಕೊಂಡಾಗ ನನ್ನ ಜೀವ ಹೋಗಿ ಬಂತು, ಮೋಡ ಕವಿದರೆ ಏನು ಗತಿ ಎಂದು. ಬಯಲು ತಲುಪಿದಾಗ ಆಕಾಶ ತೊಳೆದಿಟ್ಟ ಹಾಗಿತ್ತು. ವ್ಯಾನಿನ ಪಕ್ಕದ ಬಾಗಿಲನ್ನು ಪೂರ್ವಕ್ಕೆ ತಿರುಗಿಸಿ ನಿಲ್ಲಿಸಿದೆವು. ಆ ಬಾಗಿಲಿಗೆ ನಾನೇ ಒಂದು ಪರದೆ ಹೊಲಿದಿದ್ದೆ ಅಪ್ಪಾಜಿ, ನಡುವೆ ತೂತು, ಲಂಗದ ಲಾಡಿಯ ಹಾಗೆ ಎಳೆದರೆ ಟೆಲಿಸ್ಕೋಪಿನ ಕೊರಳಿಗೆ ಬಿಗಿಯಾಗುತ್ತದೆ. ಪೈಪಿನ ಮೂತಿ ಹೊರಗೆ, ನಾವು ಒಳಗೆ. ಬೆಂಚಿನ ಕೆಳಗೆ ಆರು ಬಿಸಿನೀರಿನ ಬ್ಯಾಗು. ಅತ್ತೆಗೆ ಸ್ವೆಟರು, ಶಾಲು, ಕಾಲುಚೀಲ. ನೀವಿದ್ದಿದ್ದರೆ ನನ್ನ ಬೆನ್ನು ತಟ್ಟುತ್ತಿದ್ದಿರಿ ಎಂದುಕೊಂಡು ಪೈಪಿಗೆ ಕಣ್ಣಿಟ್ಟೆ.

ಗುರು ಒಲೆಯ ಮೇಲಿನ ಸಾರಿನ ಹಾಗೆ ಕುದಿಯುತ್ತಿತ್ತು. ಚಂದ್ರಗಳಂತೂ ಕಲಸಿಹೋಗಿದ್ದವು. ಒರೆಸಿದೆ, ತಿರುಗಿಸಿದೆ, ಗಿರೀಶನಿಗೆ ಉಸಿರಾಡಬೇಡ ಎಂದೆ. ಯಾರಾದರೂ ಕಾಲು ಅಲುಗಿಸಿದರೆ ಗ್ರಹವೇ ಹೊರಟುಹೋಗುತ್ತಿತ್ತು. ಆಗ ನೆನಪಾಯಿತು, ನೀವು ಬಂದ ತಕ್ಷಣ ಟೆಲಿಸ್ಕೋಪನ್ನು ಬಯಲಿನಲ್ಲಿಟ್ಟು, ಅದಕ್ಕೂ ಹೊರಗಿನ ಗಾಳಿ ಅಭ್ಯಾಸವಾಗಲಿ ಎಂದು ಒಂದು ಗಂಟೆ ಸುಮ್ಮನೆ ಕೂರುತ್ತಿದ್ದಿರಿ. ಅದು ಟೀ ಕುಡಿಯಲು ನೀವು ಹೂಡಿದ ನೆಪ ಎಂದು ತಿಳಿದಿದ್ದೆ ನಾನು. ಒಳಗಿನ ಬಿಸಿಗಾಳಿ ಪರದೆಯ ಸಂದಿಯಿಂದ ನುಸುಳಿ ಮೂತಿಯ ಮುಂದೆಯೇ ಏಳುತ್ತಿತ್ತು. ಐದು ತಿಂಗಳು ಒದ್ದಾಡಿ ಏನು ಕಟ್ಟಿದ್ದೆನೋ ಅದೇ ಅಡ್ಡ ಬಂದು ಕೂತಿತ್ತು. ಬೆಚ್ಚಗಿದ್ದರೆ ಕಾಣುವುದಿಲ್ಲ, ಹೊರಗಿಟ್ಟರೆ ಅತ್ತೆ ನೋಡುವ ಹಾಗಿಲ್ಲ. ಇನ್ನೆಷ್ಟು ಭಾನುವಾರ ಉಳಿದಿದೆ ಆ ಎಡಗಣ್ಣಿಗೆ?

ಅತ್ತೆ ನನ್ನ ಕೈ ಹಿಡಿದು ಸರಿಸಿ ತಾವೂ ಒಮ್ಮೆ ನೋಡಿದರು. "ಇದು ನಡುಗ್ತಾ ಇದೆಯಲ್ಲೇ," ಎಂದರು. "ಹೊರಗಿಟ್ಟು ನೋಡೋಣ ನಡಿ."

"ನೀವು ಚಳಿ ತಡ್ಕೊಳ್ಳಲ್ಲ ಅತ್ತೆ."

"ಯಾರು ಹೇಳಿದ್ದು?"

ನಾನು ನಿಮ್ಮ ಹೆಸರು ಹೇಳಿದೆ. ಅವರು ಶಾಲು ತೆಗೆದು ಬೆಂಚಿನ ಮೇಲಿಟ್ಟರು, ಸ್ವೆಟರನ್ನೂ ಬಿಚ್ಚಿಟ್ಟರು, ಕಂಬಳಿಯ ಗೋಡೆ ಹಿಡಿದುಕೊಂಡು ಕೆಳಗಿಳಿದರು. ಗಿರೀಶ ಟೆಲಿಸ್ಕೋಪ್ ಹೊತ್ತು ತಂದ. ಅದು ತಣ್ಣಗಾಗುವವರೆಗೆ ಕಾಯಬೇಕಿತ್ತು, ಮೂವರೂ ನೆಲದ ಮೇಲೆ ಜಮಖಾನ ಹಾಸಿ ಕೂತೆವು. ಆಗ ಹೇಳಿದರು. ಮದುವೆಯಾದ ಎರಡನೇ ವರ್ಷ ನೀವು ಅವರನ್ನು ಸ್ಕೂಟರಿನ ಹಿಂದೆ ಕೂರಿಸಿಕೊಂಡು ಇದೇ ಬಯಲಿಗೆ ಬಂದಿದ್ದಿರಂತೆ, ನಾಲ್ಕು ಚಂದ್ರ ತೋರಿಸುತ್ತೇನೆಂದು. ನೀವಿನ್ನೂ ಗುರುವನ್ನು ಹುಡುಕುತ್ತಿರುವಾಗಲೇ ಅವರಿಗೆ ನಡುಕ ಹತ್ತಿತಂತೆ. ನೀವು ಗಾಬರಿಯಾಗಿ, ಎಲ್ಲ ಮಡಚಿ, ನಿಮ್ಮ ಶಾಲನ್ನು ಅವರಿಗೆ ಸುತ್ತಿ ಮನೆಗೆ ಕರೆದುಕೊಂಡು ಬಂದಿರಂತೆ. ಇಷ್ಟು ನಿಮಗೂ ಗೊತ್ತು.

"ಅದು ಚಳಿ ಅಲ್ಲ ಕಣೇ," ಎಂದರು. "ಗಿರೀಶ ಹೊಟ್ಟೇಲಿದ್ದ. ಎರಡು ತಿಂಗಳು. ಮೊದಲನೇದು ನಿಂತಿರ್ಲಿಲ್ವಲ್ಲ, ಅದಕ್ಕೇ ಮೂರು ತುಂಬೋವರ್ಗೂ ಗಂಡನಿಗೂ ಹೇಳ್ಬೇಡ ಅಂದಿದ್ರು ನಮ್ಮಮ್ಮ. ಸ್ಕೂಟರು ಆ ರೋಡಲ್ಲಿ ಕುಲುಕಿದ ಕುಲುಕಿಗೆ, ಇದೂ ಹೋಯ್ತು ಅಂತ ಹೆದರ್ಕೊಂಡೆ. ಹೆದರಿಕೇಲಿ ನಡುಗ್ದೆ."

ಆಮೇಲಾದರೂ ಯಾಕೆ ಹೇಳಲಿಲ್ಲ ಎಂದು ಕೇಳಿದೆ, ಸ್ವಲ್ಪ ಜೋರಾಗಿಯೇ. ಮೂರು ತುಂಬುವಷ್ಟರಲ್ಲಿ ನೀವು ಬಂಧುಬಳಗಕ್ಕೆಲ್ಲ ನಮ್ಮನೆಯವಳಿಗೆ ಚಳಿ ಕಂಡರೆ ಆಗದು ಎಂದು ಸಾರಿಬಿಟ್ಟಿದ್ದಿರಂತೆ. ನಿಮ್ಮ ಅಕ್ಕ ಸ್ವೆಟರು ಹೆಣೆದು ಕಳಿಸಿದ್ದರಂತೆ. ಜೊತೆಗೆ, ಅವತ್ತು ಟೆಲಿಸ್ಕೋಪ್ ಮಡಚುತ್ತಾ ನೀವು ಒಂದು ಸಲ ಮೇಲೆ ನೋಡಿದಿರಂತೆ, ನಿರಾಸೆಯ ಆ ಮುಖವನ್ನು ಇನ್ನೊಮ್ಮೆ ನೋಡುವುದು ಬೇಡ ಅನ್ನಿಸಿತಂತೆ ಅವರಿಗೆ. ನನ್ನಿಂದ ಅವರ ಖುಷಿ ಯಾಕೆ ಕೆಡಬೇಕು ಎಂದು ಸುಮ್ಮನಾದರಂತೆ. ಆಮೇಲೆ ಮಗು, ಸ್ಕೂಲು, ಮನೆ ಕಟ್ಟಿದ್ದು. "ಬರ್ತೀಯಾ ಅಂತ ಮತ್ತೆ ಅವರೂ ಕೇಳ್ಲಿಲ್ಲ," ಎಂದರು. "ನೀನೂ ಕೇಳ್ಲಿಲ್ಲ. ಅಳತೆ ತಗೊಂಡೆ."

ಆ ಮಾತು ಇನ್ನೂ ನನ್ನ ಎದೆಯೊಳಗೆ ಓಡಾಡುತ್ತಿದೆ ಅಪ್ಪಾಜಿ. ನಿಮ್ಮ ಮೇಲೆ ಸಿಟ್ಟು ಬಂದಿದೆ, ಬರೆದೇಬಿಡುತ್ತೇನೆ. ಎಷ್ಟೋ ದೂರದ ಚಂದ್ರಗಳನ್ನು ಹುಡುಕಿ ಹುಡುಕಿ ಬರೆದಿಟ್ಟವರು ನೀವು, ಗೇಟಿನ ಹತ್ತಿರ ಫ್ಲಾಸ್ಕ್ ಹಿಡಿದು ನಿಂತವರ ಮುಖವನ್ನು ಒಂದು ಸಲ ನೋಡಬಾರದಿತ್ತೇ? ಆದರೆ ಬೈಯಲು ಹೊರಟರೆ ಬಾಯಿಗೆ ಮೊದಲು ಬರುವುದು ನನ್ನ ಹೆಸರೇ. ಎಂಟು ವರ್ಷ ನಾನೂ ಅದೇ ಗೇಟು ದಾಟಿಕೊಂಡು ಬಂದು ವ್ಯಾನು ಹತ್ತಿದ್ದೆ. ಅತ್ತೆಗಾಗಿ ಎಂದು ನಾನು ಕಟ್ಟಿದ ವ್ಯಾನು ನೀವು ಹೇಳಿದ ಮಾತಿಗೆ ಹೊದಿಸಿದ ಕಂಬಳಿ, ಅಷ್ಟೇ.

ಸುಮಾರು ಎಂಟು ಗಂಟೆಗೆ ಗುರು ನಿಂತಲ್ಲಿ ನಿಂತ. ನಾನು ಮೊದಲು ನೋಡಿ, ಇವತ್ತು ಮೂರೇ ಚಂದ್ರ ಕಾಣುತ್ತಿವೆ ಎಂದೆ. ಅತ್ತೆ ಎಡಗಣ್ಣಿಟ್ಟು ತುಂಬಾ ಹೊತ್ತು ನೋಡಿದರು. ನಾಲ್ಕಿದೆ, ಒಂದು ದೂರದಲ್ಲಿ ಮಂಕಾಗಿದೆ ಎಂದರು. ನನಗೆ ಕಾಣಲಿಲ್ಲ. ನೇರ ನೋಡಬೇಡ, ಪಕ್ಕಕ್ಕೆ ನೋಡಿದ ಹಾಗೆ ಮಾಡಿ ನೋಡು, ಈಗ ನಾನು ಎಲ್ಲವನ್ನೂ ಹಾಗೇ ನೋಡುವುದು ಎಂದರು. ಓರೆಯಾಗಿ ನೋಡಿದರೆ ಮಂಕಾದದ್ದು ಕಾಣುತ್ತದೆ ಎಂದು ನೀವು ನನಗೆ ಎಂಟು ವರ್ಷ ಹೇಳಿಕೊಟ್ಟಿರಿ, ನನಗೆ ಬರಲೇ ಇಲ್ಲ. ಅತ್ತೆಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಮತ್ತೆ ನೋಡಿದೆ. ನಾಲ್ಕಿತ್ತು.

ನಿನ್ನೆ ಬೆಳಿಗ್ಗೆ ಅತ್ತೆಯ ಮುಂದೆ ಕೂತು, ಟೇಪು ಪೆನ್ಸಿಲ್ಲು ಏನೂ ಹಿಡಿಯದೆ, ಇನ್ನೇನು ನೋಡಬೇಕು ಎಂದು ಕೇಳಿದೆ. ಕೃತ್ತಿಕೆ ಎಂದರು ತಕ್ಷಣ, ಯೋಚಿಸಿಟ್ಟವರ ಹಾಗೆ. ಅಮಾವಾಸ್ಯೆಯ ಹಿಂದುಮುಂದಿನ ಭಾನುವಾರವೆಲ್ಲ ಖಾಲಿ ಇಡು, ಆರ್ಡರು ಗೀರ್ಡರು ಹೇಳಬೇಡ ಎಂದರು. ಮೊನ್ನೆ ವಾಪಸ್ ಬರುವಾಗ ಚಳಿಗೆ ಹಲ್ಲು ಕಟಕಟಿಸುತ್ತಿದ್ದವಳು ನೀನು, ಆ ಬೆಚ್ಚನೆ ಜಾಗ ನಿನಗೇ ಇರಲಿ ಎಂದು ನಕ್ಕರು. ಅವರ ಕಣ್ಣು ಇರುವವರೆಗೂ ಒಂದು ಭಾನುವಾರವನ್ನೂ ತಪ್ಪಿಸುವುದಿಲ್ಲ ಅಪ್ಪಾಜಿ, ಇದು ನನ್ನ ಮಾತು. ಈ ಸಲ "ಮಾಡೋಣ" ಅಲ್ಲ.

ಗಿರೀಶ ಇವತ್ತು ಬೆಳಿಗ್ಗೆ ಅಟ್ಟ ಹತ್ತಿ ನಿಮ್ಮ ಆ ಹಳೆಯ ಶಾಲನ್ನು ಹುಡುಕಿ ತೆಗೆದು ವ್ಯಾನಿನ ಬೆಂಚಿನ ಮೇಲೆ ಮಡಚಿಟ್ಟು ಬಂದ. ಅವತ್ತು ಆ ಬಯಲಿನಲ್ಲಿ ಇದ್ದದ್ದು ನೀವಿಬ್ಬರೇ ಎಂದು ತಿಳಿದಿದ್ದಿರಿ. ಮೂವರಿದ್ದಿರಿ ಅಪ್ಪಾಜಿ. ಆಕಾಶವನ್ನು ಅರ್ಧಕ್ಕೆ ಬಿಟ್ಟು ನೀವು ಸುತ್ತಿದ ಆ ಶಾಲಿನೊಳಗೆ ನಿಮ್ಮ ಮಗನೂ ಇದ್ದ.

ನಿಮ್ಮ ಸೊಸೆ,
ಶೈಲಾ