ಪಶ್ಚಿಮದ ಮೆಟ್ಟಿಲು

ಮಾರ್ಚ್ 3. ಬೆಳಿಗ್ಗೆ 7
ಅಕ್ಕನನ್ನು ಕೈಹಿಡಿದು ಕೆಳಗಿಳಿಸಿದೆ. ಹದಿನೇಳು ಮೆಟ್ಟಿಲು. ಎಂಟನೆಯದರಲ್ಲಿ ಸುಧಾರಿಸಿಕೊಂಡಳು. ಮಹಡಿಮನೆ ನಮ್ಮದು, ಮೆಟ್ಟಿಲು ನಿಂತ ನೆಲ ಕೆಳಮನೆಯವನದು. ಒಡೆಸಬೇಕೆಂದು ದಾವೆ ಹಾಕಿದ. ಮೊದಲ ಕೋರ್ಟಿನಲ್ಲಿ ಸೋತ. ಅಪೀಲಿನಲ್ಲಿ ಗೆದ್ದ. ಆ ತೀರ್ಪಿನ ಪ್ರಕಾರ ನಮಗೆ ಪೂರ್ವಕ್ಕೊಂದು, ಪಶ್ಚಿಮಕ್ಕೊಂದು ಮೆಟ್ಟಿಲು. ಒಂದು ಹೋದರೆ ನಷ್ಟವಿಲ್ಲ!
ಅಕ್ಕ ಅಂದಳು: "ಪಶ್ಚಿಮದ್ದು ಎಲ್ಲಿದೆ ತೋರ್ಸೋ. ಸಲೀಸಾಗಿದ್ರೆ ಅದರಲ್ಲೇ ಇಳೀತೀನಿ."

ಮಾರ್ಚ್ 5
ನಮ್ಮ ವಕೀಲೆ ಕಡತ ಬಿಚ್ಚಿ ತಪ್ಪಿನ ಮೂಲ ಹಿಡಿದರು. ಸ್ಥಳ ನೋಡಿ ಬರಲು ಕೋರ್ಟು ಕಳಿಸಿದ ಕಮಿಷನರ್ ನಮ್ಮ ಮನೆಯ ಎರಡು ನಕ್ಷೆ ಬರೆದಿದ್ದರು. ಒಂದರಲ್ಲಿ ಉತ್ತರ ಮೇಲೆ, ಇನ್ನೊಂದರಲ್ಲಿ ಕೆಳಗೆ. ಇರುವ ಒಂದೇ ಮೆಟ್ಟಿಲು ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ. ಅಪೀಲಿನ ನ್ಯಾಯಾಧೀಶರು ಎರಡೆಂದು ಲೆಕ್ಕ ಹಾಕಿದರು.
"ಹೈಕೋರ್ಟಿನವರು ಬಂದು ಎಣಿಸಲಿ," ಎಂದೆ.
"ಎಣಿಸೋಲ್ಲ ಸಾರ್. ಎರಡನೇ ಅಪೀಲಲ್ಲಿ ಫ್ಯಾಕ್ಟ್ಸ್ ಮತ್ತೆ ನೋಡೋ ಹಾಗಿಲ್ಲ. ಕಾನೂನಿನ ಪ್ರಶ್ನೆ ಇದ್ರೆ ಮಾತ್ರ ಬಾಗಿಲು ತೆಗೀತಾರೆ."
"ಹಸಿ ಸುಳ್ಳಾದ್ರೂ?"
"ದಾಖಲೆ ನೋಡದೆ ತೀರ್ಪು ಬರೆದಿದ್ರೆ ಅದು ಕಾನೂನಿನ ಪ್ರಶ್ನೆ. ನಕ್ಷೆಯಲ್ಲಿ ಉತ್ತರ ತೋರಿಸೋ ಬಾಣ ಇತ್ತು, ಅವರು ನೋಡಲಿಲ್ಲ ಅಂತ ತೋರಿಸ್ಬೇಕು."
ಕಲ್ಲಿನ ಮೆಟ್ಟಿಲಿಗಿಂತ ಕಾಗದದ ಬಾಣ ಗಟ್ಟಿ!

ಮಾರ್ಚ್ 6
ಮೆಟ್ಟಿಲ ಬುಡದಲ್ಲಿ ಕೆಳಮನೆಯವನು. "ಏನ್ ಯಜಮಾನ್ರೇ, ಹೈಕೋರ್ಟಿಗಂತೆ? ನಮ್ಮಪ್ಪ ನಿಮ್ಮ ಮೇಲಿನ ಗೋಡೆ ಕೇಸು ಅಲ್ಲಿಗೆ ಒಯ್ದಾಗ ನೀವೇ ಹೇಳಿದ್ರಲ್ಲ, ‘ಫ್ಯಾಕ್ಟು ಅನ್ನೋದು ಒಂದು ಕಡೆ ಮುಗೀಬೇಕು’ ಅಂತ?"
ಹೇಳಿದ್ದೆ. ಇಪ್ಪತ್ತೆರಡು ವರ್ಷದ ಹಿಂದೆ. ಅವನಪ್ಪನ ಅಪೀಲು ಎರಡೇ ನಿಮಿಷಕ್ಕೆ ವಜಾ. ಬೀದಿಗೆಲ್ಲ ಕಾಫಿ ಕೊಡಿಸಿದ್ದೆ. ಅದೇ ಕಾನೂನು. ಅಂದು ಎಷ್ಟು ಚೆನ್ನಾಗಿ ಕಂಡಿತ್ತು…

ಮಾರ್ಚ್ 11. ಮಧ್ಯಾಹ್ನ
ನಾಲ್ಕು ದಿನ ಬರೆಯಲಿಲ್ಲ. ಬರೆದರೆ ಒಪ್ಪಿಕೊಂಡಂತೆ.
ಅಪೀಲಿನ ನ್ಯಾಯಾಧೀಶರಿಗೆ ಕೊಟ್ಟ ಜೆರಾಕ್ಸ್ ಪ್ರತಿಯಲ್ಲಿ ಬಾಣವೇ ಇಲ್ಲ. ಹಾಳೆಯ ಅಂಚಿನಲ್ಲಿತ್ತು, ಕತ್ತರಿಸಿಹೋಗಿದೆ. ಜೆರಾಕ್ಸ್ ಮಾಡಿಸಿದ್ದು ನಾನು. ನಲವತ್ತು ವರ್ಷ ಪ್ರೆಸ್ಸಿನಲ್ಲಿ ಪ್ರೂಫ್ ತಿದ್ದಿದವನು. ಅಕ್ಷರಅಕ್ಷರ ತಾಳೆ ನೋಡಿದ್ದೆ. ಚಿತ್ರ ನೋಡಲಿಲ್ಲ. ಕಣ್ಣಿಲ್ಲವೇ ಅವರಿಗೆ ಎಂದು ಬೈದ ಬಾಯಿ ಇದೇ…
ವಕೀಲೆ ರೇಗಲಿಲ್ಲ. "ಅಸಲು ನಕ್ಷೆ ಕೋರ್ಟಿನ ಕಡತದಲ್ಲಿದೆ. ಆ ನ್ಯಾಯಾಧೀಶರ ಮುಂದೇನೇ ಇತ್ತು, ತೆಗೆದು ನೋಡಲಿಲ್ಲ. ಅದನ್ನ ತರಿಸಿ ಅಂತ ಹೈಕೋರ್ಟನ್ನ ಕೇಳ್ತೀನಿ. ತರಿಸದಿದ್ರೆ ಅಲ್ಲಿಗೆ ಮುಗೀತು."
ಅಕ್ಕನಿಗೆ ಹೇಳಿದೆ. "ನನ್ನ ಕಾಲು ಹೋಯ್ತು, ನಿನ್ನ ಕಣ್ಣು ಹೋಯ್ತು. ಸರಿ ಜೋಡಿ ಬಿಡು," ಎಂದು ನಕ್ಕಳು. ಊಟ ಮಾಡಲಿಲ್ಲ.

ಮಾರ್ಚ್ 19
ಕಡತ ತರಿಸಲು ಹೈಕೋರ್ಟ್ ಆದೇಶ. ಸೋಮವಾರದವರೆಗೆ ಒಡೆಯಬಾರದು.
ಕೆಳಮನೆಯವನು ಒಡೆಯುವವರನ್ನು ಮಂಗಳವಾರಕ್ಕೆ ಗೊತ್ತುಮಾಡಿದ್ದಾನೆ.

ಸೋಮವಾರ. 11.40. ಕೋರ್ಟ್ ಹಾಲ್, ಹಿಂದಿನ ಬೆಂಚು
ತೊಡೆಯ ಮೇಲೆ ಡೈರಿ ಇಟ್ಟು ಬರೆಯುತ್ತಿದ್ದೇನೆ. ನಮ್ಮ ಕೇಸು ಕೂಗಿದರು.
ಎದುರು ವಕೀಲ: "ಎರಡು ಮೆಟ್ಟಿಲಿವೆ ಅನ್ನೋದು ಫ್ಯಾಕ್ಟು. ಇಲ್ಲಿ ಮತ್ತೆ ಎಣಿಸೋ ಹಾಗಿಲ್ಲ, ಸ್ವಾಮಿ."
"ಎಣಿಸೋಲ್ಲ," ಎಂದರು ನ್ಯಾಯಮೂರ್ತಿ.
ಆದರೂ ಕಡತ ಬಿಚ್ಚಿದರು. ಎರಡೂ ನಕ್ಷೆ ಪಕ್ಕಪಕ್ಕ ಇಟ್ಟರು. ವಕೀಲೆ ಅಂಚಿನತ್ತ ಬೆರಳು ತೋರಿದರು. ನ್ಯಾಯಮೂರ್ತಿ ಕನ್ನಡಕ ಏರಿಸಿದರು. "ಇದರಲ್ಲಿ ಮೇಲ್ಗಡೆ ಯಾವುದು?" ಎನ್ನುತ್ತ ಒಂದು ಹಾಳೆ ಕೈಗೆತ್ತಿಕೊಂಡು ನಿಧಾನವಾಗಿ ತಿರುಗಿಸಿದರು. ಎರಡೂ ಹಾಳೆಯಲ್ಲಿ ಮೆಟ್ಟಿಲು ಒಂದೇ ಕಡೆ ಬಂತು.