ವಾಸಿಯಾದ ಮೊಣಕಾಲು

ಅಲ್ ಹೈಲ್, ಮಸ್ಕತ್
ಡಿಸೆಂಬರ್ ೯

ಪ್ರೀತಿಯ ರಸೀನಾ,

ನನ್ನ ಮೊಣಕಾಲು ವಾಸಿಯಾಗಿದೆ. ಇದೊಂದನ್ನು ಬಿಟ್ಟು ಉಳಿದೆಲ್ಲ ಬರೆದು ಒಂದು ಕಾಗದ ಮುಗಿಸಿದ್ದೆ. ಓದಿ ನೋಡಿದರೆ ಅದರಲ್ಲಿ ಸುಳ್ಳು ಒಂದೂ ಇರಲಿಲ್ಲ, ನಿಜವೂ ಇರಲಿಲ್ಲ. ಹರಿದು ಹಾಕಿ ಮತ್ತೆ ಕೂತಿದ್ದೇನೆ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ನಾನು ಬಾಯಿ ತೆರೆಯುವ ಮೊದಲೇ ನೀನು "ಸಾರ ಇಲ್ಲ ಮಾರಾಯ್ತಿ" ಅನ್ನುತ್ತೀ, ನಾನೂ ಪರವಾಗಿಲ್ಲ ಅಂದುಕೊಂಡು ಫೋನ್ ಇಟ್ಟುಬಿಡುತ್ತೇನೆ.

ಕಳೆದ ಜನವರಿಯಲ್ಲಿ ಜಾರ್ಜಿಯಾದ ಆ ಇಳಿಜಾರಿನಲ್ಲಿ ಹರಿದ ಲಿಗಮೆಂಟು ಆಪರೇಷನ್ನಿನ ನಂತರ ಚೆನ್ನಾಗಿ ಕೂಡಿಕೊಂಡಿದೆ, ನಿಧಾನವಾಗಿ ಮತ್ತೆ ಸ್ಕೀಯಿಂಗ್ ಶುರುಮಾಡಬಹುದು ಎಂದು ಡಾಕ್ಟರು ಅಕ್ಟೋಬರಿನಲ್ಲೇ ಹೇಳಿದ್ದರು. ನಿನಗೆ ಮಾತ್ರ "ಇನ್ನೂ ನೋಡಬೇಕಂತೆ" ಎಂದೆ. ಮೊಣಕಾಲಿನ ಬೆಲ್ಟು ಬಿಚ್ಚಲೂ ಹೇಳಿದ್ದರು. ನಾನು ಈಗಲೂ ಅದನ್ನು ಕಟ್ಟಿಕೊಂಡೇ ಘಾಲಾದ ಆಫೀಸಿಗೆ ಹೋಗುತ್ತಿದ್ದೇನೆ.

ಗೋಡೌನಿನ ಪೂವಪ್ಪಣ್ಣ ಬೆಲ್ಟು ಕಂಡಾಗಲೆಲ್ಲ ಕೇಳುತ್ತಾರೆ: "ಎಂತ ಕುಸುಮಕ್ಕ, ಜಾರಿ ಬೀಳ್ಲಿಕ್ಕೆ ಜಾರ್ಜಿಯಾಕ್ಕೆ ಹೋಗ್ಬೇಕಾ? ನಮ್ಮ ಬಾವಿಕಟ್ಟೆಯ ಪಾಚಿ ಸಾಲದಾ ನಿಮ್ಗೆ?" ನಗುತ್ತೇನೆ. ಈ ಮಾತು ಕೇಳಲಿಕ್ಕೇ ಬೆಲ್ಟು ಕಟ್ಟುತ್ತಿದ್ದೇನೋ ಎಂಬ ಅನುಮಾನ ಬಂದದ್ದು ಇತ್ತೀಚೆಗೆ.

ನಿನಗೆ ಗೊತ್ತಲ್ಲ, ಇಲ್ಲಿ ನಮ್ಮವರೆಲ್ಲ ರಜೆ ಕೂಡಿಟ್ಟು ಊರಿನ ಮದುವೆ, ದೈವದ ನೇಮಗಳಿಗೆ ಹೊಂದಿಸಿಕೊಳ್ಳುವಾಗ ನಾವಿಬ್ಬರು ಹಿಮಕ್ಕೆ ಹೊಂದಿಸಿಕೊಂಡೆವು. ಅತ್ತೆಮನೆಯ ನೇಮಕ್ಕೆ ನಾನು ಹೋಗದ ವರ್ಷಗಳೇ ಹೆಚ್ಚು. ಮೊದಮೊದಲು ಬೈದರು, ಆಮೇಲೆ ಆ ಬೈಗುಳವೇ ನನ್ನ ಹೆಸರಾಯಿತು. ಇಲ್ಲಿಯ ನಮ್ಮೂರವರ ಸಂಘದ ಕಾರ್ಯಕ್ರಮಗಳಲ್ಲಿ ಹೊಸಬರಿಗೆ "ಇವರೇ ಆ ಸ್ಕೀಯಿಂಗಿನ ಕುಸುಮಕ್ಕ" ಎಂದು ನನ್ನನ್ನು ತೋರಿಸುತ್ತಾರೆ. ಪೆಟ್ಟು ಮಾಡಿಕೊಂಡರೂ ಸ್ಕೀಯಿಂಗಿನವಳು ಸ್ಕೀಯಿಂಗಿನವಳೇ. ಬೆಲ್ಟು ಬಿಚ್ಚಿದರೆ ಉಳಿಯುವವಳು ಅಕೌಂಟ್ಸಿನ ಕುಸುಮ, ವಯಸ್ಸು ನಲವತ್ತಾರು. ಅವಳ ಪರಿಚಯ ನನಗೆ ಅಷ್ಟಿಲ್ಲ.

ಕಳೆದ ತಿಂಗಳು ರಾಷ್ಟ್ರೀಯ ದಿನದ ರಜೆಗೆ ಚೇತನ್ ಜೊತೆ ದುಬೈಗೆ ಹೋಗಿದ್ದೆ. ಶಾಪಿಂಗಿಗೆ ಎಂದು ನಿನ್ನಲ್ಲಿ ಹೇಳಿದ್ದೆ. ಹೋದದ್ದು ಮಾಲಿನೊಳಗಿನ ಹಿಮದ ಇಳಿಜಾರಿಗೆ, ನೀನೂ ನಾನೂ ಬಿದ್ದು ಬಿದ್ದು ಕಲಿತ ಜಾಗಕ್ಕೆ. ಬೂಟು ಹಾಕುವಾಗ ಏನೂ ಆಗಲಿಲ್ಲ. ಲಿಫ್ಟಿನ ಕುರ್ಚಿಯಲ್ಲಿ ಕೂತಾಗಲೂ ಏನೂ ಆಗಲಿಲ್ಲ. ಮೇಲೆ ನಿಂತು ಸ್ಕೀಗಳ ಮೂತಿಯನ್ನು ಕೆಳಗೆ ತಿರುಗಿಸಬೇಕು, ಅಷ್ಟೇ. ತಿರುಗಿಸಲು ಆಗಲಿಲ್ಲ. ಅವತ್ತು ಜಾರ್ಜಿಯಾದಲ್ಲಿ ಮೊಣಕಾಲೊಳಗೆ ಆದ ಸದ್ದು, ನೀನು ಕೋಲುಗಳನ್ನು ಬಿಸಾಡಿ ಬಂದು "ಏಳ್ಬೇಡ, ಏಳ್ಬೇಡ" ಎಂದದ್ದು, ಅವೆರಡೇ ಕೇಳುತ್ತಿದ್ದವು. ಕಾಲು ನೋಯುತ್ತಿರಲಿಲ್ಲ ರಸೀನಾ. ನೋಯಲಿ ಎಂದು ಕಾಯುತ್ತಾ ನಿಂತಿದ್ದೆ. ಮಕ್ಕಳು ನನ್ನನ್ನು ಸುತ್ತಿಕೊಂಡು ಇಳಿದು ಹೋದರು. ಲಿಫ್ಟಿನವನು ಏನಾಯಿತೆಂದು ಹಿಂದಿಯಲ್ಲಿ ಕೇಳಿದ. ಮೊಣಕಾಲು ತಟ್ಟಿ ತೋರಿಸಿದೆ. ಪಾಪ, ಅವನು ಲಿಫ್ಟು ನಿಲ್ಲಿಸಿ, ಕೂರಿಸಿ, ಕೆಳಗೆ ಕಳಿಸಿದ.

ಗಾಜಿನಾಚೆ ಕೂತಿದ್ದ ಚೇತನ್ ಎಲ್ಲ ನೋಡಿದ್ದರು. ಮಸ್ಕತ್ತಿಗೆ ವಾಪಸು ಬರುವ ದಾರಿಯಲ್ಲಿ ಸೊಹಾರ್ ಸಿಕ್ಕಿತು. ಅಲ್ಲಿ ಕರಕ್ ಚಹಾಕ್ಕೆ ಗಾಡಿ ನಿಲ್ಲಿಸಿ, "ಹೆದ್ರಿಕೆ ಆಯ್ತು ಅಂತ ಹೇಳು ಮಾರಾಯ್ತಿ. ಪಾಪದ ಕಾಲಿನ ಮೇಲೆ ಯಾಕೆ ಹಾಕ್ತೀ?" ಎಂದರು. ಗಂಡನ ಮೇಲೆ ಬಂದ ಸಿಟ್ಟು ಬರ್ಕಾ ದಾಟುವಾಗ ಅಳುವಾಯಿತು.

ಬರುವ ಜನವರಿಗೂ ಜಾರ್ಜಿಯಾದಲ್ಲಿ ಇಬ್ಬರಿಗೆ ರೂಮು ಹಿಡಿದೆ ಎಂದು ನೀನು ಖಸಬಿನಿಂದ ಫೋನ್ ಮಾಡಿದಾಗ ಹೂಂ ಎಂದೆ. ಅಂದಿನಿಂದ, ನೋವು ಜಾಸ್ತಿಯಾಗಿದೆ ಎಂದು ಹೇಳಿ ತಪ್ಪಿಸಿಕೊಳ್ಳಲು ಒಳ್ಳೆಯ ದಿನ ಹುಡುಕುತ್ತಿದ್ದೇನೆ. ನೀನು ನಂಬುತ್ತೀ. ಕಷ್ಟ ಇರುವುದು ಅದರಲ್ಲೇ.

ನಾನು ಬಂದರೂ ನೀನು ಮೇಲಕ್ಕೆ ಒಬ್ಬಳೇ ಹೋಗಬೇಕಾಗುತ್ತದೆ. ನಾನು ಕೆಳಗೆ, ಮಕ್ಕಳು ಕಲಿಯುವ ಜಾಗದಲ್ಲಿರುತ್ತೇನೆ. ಅದೂ ಆಗದಿದ್ದರೆ ಕಿಟಕಿಯ ಬಳಿ ಕೂತು ನಿನ್ನ ಮೇಲೆ ಹೊಟ್ಟೆಕಿಚ್ಚು ಪಡುತ್ತೇನೆ. ಹೆದರಿಕೆ ಹೋಗುತ್ತದೆ ಎಂದು ಮಾತು ಕೊಡಬೇಡ, ಅದು ನಿನಗೂ ಗೊತ್ತಿಲ್ಲ. ನನಗೆ ತಿಳಿಯಬೇಕಾದದ್ದು ಬೇರೆ. ಇಷ್ಟು ವರ್ಷ ನಾವು ಮಾತಾಡಿದ್ದೆಲ್ಲ ಹಿಮ, ಬೂಟು, ಮುಂದಿನ ಜನವರಿ. ಇಳಿಜಾರು ಇಳಿಯದ ಕುಸುಮಳ ಜೊತೆ ಒಂದು ವಾರ ಕೂತು ಮಾತಾಡಲು ನಿನಗೆ ಏನಾದರೂ ಇದೆಯೇ? ಅವಳಿಗೆ ಏನಿದೆ ಎಂಬುದೂ ನನಗೆ ಗೊತ್ತಿಲ್ಲ. ಬರಲೋ ಬೇಡವೋ ಎಂದು ಇದನ್ನು ಬರೆಯಲು ಕೂತಾಗಲೂ ತೀರ್ಮಾನವಾಗಿರಲಿಲ್ಲ.

ನಿನ್ನ ಮೇಲೆ ಪ್ರೀತಿಯೂ ಸ್ವಲ್ಪ ಹೆದರಿಕೆಯೂ ಇರುವ,
ಕುಸುಮ

ತಾ.ಕ.: ರೂಮು ರದ್ದು ಮಾಡಲು ಡಿಸೆಂಬರ್ ಹದಿನಾಲ್ಕು ಕೊನೆಯ ದಿನ ಎಂದು ನೀನು ಕಳಿಸಿದ ಬುಕಿಂಗಿನಲ್ಲಿದೆ. ಈ ಕಾಗದವನ್ನು ಹದಿನೈದಕ್ಕೆ ಅಂಚೆಗೆ ಹಾಕುತ್ತೇನೆ.